ರಮೋನ್ ಮೇಷ್ಟ್ರ ಪುಟ್ಟ ಗಂಟೆ

"ಇರಾ, 'ಸ್ಪ್ಯಾನಿಷ್ ಅಂದ್ರೆ ನನ್ನ ಮಗಳಿಗೆ ಪ್ರಾಣ' ಅನ್ನೋದನ್ನ ಸ್ವೀಡಿಷ್‌ನಲ್ಲಿ ಹೇಗೆ ಬರೀತಾರೆ?"

ಅಪ್ಪ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಬಾಟಲಿಗೆ ಫೋನ್ ಒರಗಿಸಿಕೊಂಡು ಕೂತಿದ್ದ. ಇರಾ ಚಪಾತಿಗೆ ಲಿಂಗೊನ್ ಹಣ್ಣಿನ ಜ್ಯಾಮ್ ಸವರುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು.

"ಯಾರಿಗೆ ಪ್ರಾಣ? ನನಗಾ?"

"ಹೂಂ, ನಿಂಗೇ."

"ನನಗೆ ಪ್ರಾಣ ಅಂದರೆ ಫುಟ್‌ಬಾಲ್."

"ಫುಟ್‌ಬಾಲಿಗೆ ರೆಕ್ಟರ್ ಲೀವ್ ಕೊಡಲ್ಲ ಪುಟ್ಟಿ. ಸ್ಪ್ಯಾನಿಷ್‌ಗೆ ಕೊಡ್ತಾರೆ."

ರೆಕ್ಟರ್ ಅಂದರೆ ಶಾಲೆಯ ಹೆಡ್‌ಮಾಸ್ಟರು. ಇರಾ ಕೇಳಿದ್ದೆಲ್ಲ ಸ್ವೀಡಿಷಿನಲ್ಲಿ. ಅಪ್ಪ ಹೇಳಿದ್ದು ಕಾಲು ಕನ್ನಡದಲ್ಲಿ, ಮುಕ್ಕಾಲು ಇಂಗ್ಲಿಷಿನಲ್ಲಿ. ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ಆ ಆರನೇ ಮಹಡಿಯ ಮನೆಯಲ್ಲಿ ಮಾತುಕತೆ ದಿನವೂ ಹೀಗೇ ನಡೆಯುತ್ತಿತ್ತು. ಇರಾಗೆ ಕನ್ನಡ ಅರ್ಥವಾಗುತ್ತಿತ್ತು. ಅವಳ ಬಾಯಿಂದ ಬರುತ್ತಿದ್ದದ್ದು ಮಾತ್ರ ಮೂರೇ ಪದ: 'ಸಾಕು', 'ಬೇಡ', 'ಇನ್ನೊಂದು'.

ಅಪ್ಪನಿಗೆ ಈ ಪ್ರಾಣಸಂಕಟ ಯಾಕೆ ಬಂತು ಅಂದರೆ, ಅದಕ್ಕೆ ಕಾರಣ ಒಂದು ಕ್ಯಾಲೆಂಡರು.

ಸ್ವೀಡನ್ನಿನಲ್ಲಿ ಜನ ತಾರೀಖು ಹೇಳುವುದು ಕಡಿಮೆ. ವಾರದ ನಂಬರು ಹೇಳುತ್ತಾರೆ. ಹಲ್ಲಿನ ಡಾಕ್ಟರು 'ಮೂವತ್ತೆಂಟನೇ ವಾರ ಬಾ' ಅನ್ನುತ್ತಾರೆ. ಇರಾಳ ಶಾಲೆಗೆ ನಲವತ್ತನಾಲ್ಕನೇ ವಾರ ರಜೆ. ಅಪ್ಪನ ಫೋನಿನ ಕ್ಯಾಲೆಂಡರು ಅಮೆರಿಕದ ಲೆಕ್ಕದಲ್ಲಿ ಓಡುತ್ತಿತ್ತು. ಅದರಲ್ಲಿ ನಲವತ್ತನಾಲ್ಕನೇ ವಾರ ಏಳು ದಿನ ಮೊದಲೇ ಬಂದು ಕೂತಿತ್ತು. ಅಪ್ಪ ಅದನ್ನೇ ನಂಬಿ ಎರಡು ಮನೆಯವರಿಗೂ ಸ್ಪೇನಿಗೆ ಟಿಕೆಟ್ ತೆಗೆದುಬಿಟ್ಟ. ಬದಲಾಯಿಸಲಾಗದ ಟಿಕೆಟ್ಟು.

ಎರಡನೇ ಮನೆಯವರು ಅಂದರೆ ಕೆಳಗಿನ ಮಹಡಿಯ ನಂದಕುಮಾರ ಅಂಕಲ್, ಪಾವನಾ ಆಂಟಿ, ಅವರ ಮಗ ಆಯುಷ್. ಆಯುಷ್ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಇರಾ ಆರನೇ ಕ್ಲಾಸು.

ಸುದ್ದಿ ಗೊತ್ತಾದ ದಿನ ನಂದಕುಮಾರ ಅಂಕಲ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಿದ್ದರು.

"ಲೇ ಅಶ್ವತ್ಥ, ನೀನು ಆಫೀಸಲ್ಲಿ ಮಾಡೋ ಕೆಲಸ ಏನೋ?"

"ಮೀಟಿಂಗ್ ರೂಮ್ ಬುಕ್ ಮಾಡೋ ಆ್ಯಪ್," ಎಂದ ಅಪ್ಪ ಮೆಲ್ಲಗೆ.

"ಅಂದ್ರೆ ಸ್ವೀಡನ್ ಪೂರ್ತಿ ಜನ ರಾಂಗ್ ವೀಕಲ್ಲಿ ಮೀಟಿಂಗ್ ಮಾಡ್ತಿದ್ದಾರೆ ಅನ್ನು."

ನಕ್ಕು ಮುಗಿದ ಮೇಲೆ ಉಪಾಯ ಕೊಟ್ಟವರೂ ಅವರೇ. ಬಿಸಿಲು ಕಾಯಿಸೋಕೆ ಅಂದರೆ ರೆಕ್ಟರ್ ಐದು ದಿನ ರಜೆ ಕೊಡುವುದಿಲ್ಲ. ಓದೋಕೆ ಅಂದರೆ ಕೊಡಬಹುದು. ಟ್ರಿಪ್ಪಿನ ಜೊತೆ ಒಂದು ಸ್ಪ್ಯಾನಿಷ್ ಕೋರ್ಸ್ ಅಂಟಿಸಿಬಿಟ್ಟರೆ ಆಯಿತು. ಹತ್ತೇ ನಿಮಿಷದಲ್ಲಿ ಇಬ್ಬರೂ ಸೇರಿ ಇಂಟರ್ನೆಟ್ಟಿನಲ್ಲಿ ಒಂದನ್ನು ಹುಡುಕಿದರು. ಫ್ಯಾಮಿಲಿ ಇಮ್ಮರ್ಶನ್ ಕೋರ್ಸು. ಮಾಲಗಾ ಊರಿನಲ್ಲಿ, ಸಮುದ್ರದ ಪಕ್ಕದಲ್ಲೇ.

"ಇಮ್ಮರ್ಶನ್ ಅಂದ್ರೆ?" ಎಂದು ಅಮ್ಮ ಕೇಳಿದಳು.

"ಭಾಷೆ ಒಳಗೆ ಪೂರ್ತಿ ಮುಳುಗಿಸಿಬಿಡೋದು ಕಣೇ ಕೋಕಿಲಾ. ಬೆಳಗ್ಗೆಯಿಂದ ಬರೀ ಸ್ಪ್ಯಾನಿಷ್. ಅಡುಗೆ, ಊಟ, ಮಾರ್ಕೆಟ್ ಎಲ್ಲ ಸ್ಪ್ಯಾನಿಷ್‌ನಲ್ಲೇ."

"ಮುಳುಗಿಸಿದ ಮೇಲೆ ವಾಪಸ್ ಎತ್ತುತ್ತಾರಾ ಕೇಳಿ ಮೊದಲು."

ಹಾಗೆ ಅಪ್ಪ ರಜೆ ಅರ್ಜಿಯ 'ಕಾರಣ' ಎಂಬ ಡಬ್ಬಿಯಲ್ಲಿ ಇರಾಳ ಪ್ರಾಣವನ್ನು ತುಂಬಿ ಕಳಿಸಿದ. ಅರ್ಜಿ ಬರೆಯುವಾಗ ಕೋರ್ಸಿಗೆ ಇನ್ನೂ ಹಣ ಕೂಡ ಕಟ್ಟಿರಲಿಲ್ಲ. ಆಯುಷ್‌ಗೂ ಒಂದು ಕಾರಣ ಸಿಕ್ಕಿತು: 'ಇರಾ ಅಕ್ಕನಿಗೆ ಪ್ರ್ಯಾಕ್ಟೀಸ್ ಮಾಡಿಸಲು.'

ಮೂರನೇ ದಿನ ಸ್ಪ್ಯಾನಿಷ್ ಟೀಚರ್ ಮಾಲಿನ್ ಕಾರಿಡಾರಿನಲ್ಲಿ ಇರಾಳನ್ನು ನಿಲ್ಲಿಸಿದರು. ಅಲ್ಲಿ ಟೀಚರನ್ನು ಮಿಸ್, ಮೇಡಂ ಅನ್ನುವುದಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ. ಮಾಲಿನ್ ಮುಖ ಬೆಳಗುತ್ತಿತ್ತು.

"ಇರಾ, ನಾವು ಸ್ಪ್ಯಾನಿಷ್ ಶುರು ಮಾಡಿ ಎರಡೇ ತಿಂಗಳಾಯಿತು. ಇಷ್ಟು ಬೇಗ ಇಷ್ಟು ಆಸೆ ಬಂದ ಹುಡುಗಿಯನ್ನು ನಾನು ನೋಡೇ ಇಲ್ಲ."

ಇರಾ ತನ್ನ ಕಾಲುಚೀಲ ನೋಡಿದಳು.

"ರೆಕ್ಟರ್ ಮೊದಲು ಆಗಲ್ಲ ಅಂದರು. ಕೋರ್ಸ್ ಅಂತ ಸುಮ್ಮನೆ ಬರೆದಿರಬಹುದು ಅಂದರು. ನಾನು ಹೇಳಿದೆ, ಇರಾ ಸುಳ್ಳು ಹೇಳುವವಳಲ್ಲ, ಅವಳ ಜವಾಬ್ದಾರಿ ನನ್ನದು ಅಂತ."

ಇರಾ ಬಗ್ಗಿ, ಜಾರದೇ ಇದ್ದ ಕಾಲುಚೀಲವನ್ನು ಮೇಲಕ್ಕೆ ಎಳೆದುಕೊಂಡಳು.

"ರಜೆ ಮುಗಿಸಿ ಬಂದ ಬುಧವಾರ ಕ್ಲಾಸಿಗೆ ಮೂರು ನಿಮಿಷ ಮಾತಾಡು, ಸ್ಪ್ಯಾನಿಷ್‌ನಲ್ಲಿ. ನಿಮ್ಮಪ್ಪನನ್ನೂ ಕರಿ. ಆಮೇಲೆ ಫೀಕಾ ಮಾಡೋಣ, ಕಾಫಿ, ಬನ್ನು ನನ್ನ ಕಡೆಯಿಂದ."

ಮನೆಗೆ ಬಂದು ಇರಾ ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು, "ಅಪ್ಪ, ನಾನು ಈಗ ನಿಜವಾಗಿಯೂ ಸ್ಪ್ಯಾನಿಷ್ ಕಲಿಯಬೇಕು."

"ಕಲಿಯೋಣ ಬಿಡು. ಐದು ದಿನ ಇದೆಯಲ್ಲ. ನಾನು ಎರಡೇ ದಿನದಲ್ಲಿ ಜಾವಾ ಕಲಿತವನು."

"ಅದಕ್ಕೇ ಮೂರನೇ ದಿನ ಮರೆತಿದ್ದು," ಎಂದಳು ಅಮ್ಮ ಒಳಗಿಂದ.

ಹೊರಟ ದಿನ ಅಮ್ಮನ ಸೂಟ್‌ಕೇಸ್ ಎಷ್ಟು ಭಾರ ಇತ್ತು ಅಂದರೆ, ಲಿಫ್ಟು ಅದನ್ನು ಒಳಗೆ ಬಿಟ್ಟುಕೊಂಡು ಒಂದು ನಿಟ್ಟುಸಿರು ಬಿಟ್ಟು ನಾಲ್ಕನೇ ಮಹಡಿಯಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಆಮೇಲೆ ಇಳಿಯಿತು. ಒಳಗೆ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಅಕ್ಕಿ. ಪಾವನಾ ಆಂಟಿ ಸೂಟ್‌ಕೇಸಿನಲ್ಲಿ ರೈಸ್ ಕುಕ್ಕರ್ ಇತ್ತು. ಬಟ್ಟೆಗಳು ಅಪ್ಪಂದಿರ ಕೈಚೀಲದಲ್ಲಿ ಮುದುರಿಕೊಂಡಿದ್ದವು.

ಮಾಲಗಾದ ಮನೆಯ ಬಾಗಿಲಲ್ಲಿ ರಮೋನ್ ನಿಂತಿದ್ದರು. ದಪ್ಪ ಮೀಸೆ, ಹೊಟ್ಟೆಯ ಮೇಲೆ ಏಪ್ರನ್, ಕೈಯಲ್ಲಿ ಒಂದು ಪುಟ್ಟ ಹಿತ್ತಾಳೆ ಗಂಟೆ. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದೇ ಅವರ ಕೆಲಸ. ಫ್ರಿಜ್ ಮೇಲೆ ನಿಯಮಗಳ ಹಾಳೆ ಅಂಟಿಸಿದ್ದರು: ಬೆಳಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಇಂಗ್ಲಿಷ್ ಮಾತಾಡಬಾರದು, ಸ್ವೀಡಿಷ್ ಮಾತಾಡಬಾರದು. ಮಾತಾಡಿದರೆ ಗಂಟೆ. ಒಂದು ಸಲ ಗಂಟೆ ಹೊಡೆದರೆ ಒಂದು ಪಾತ್ರೆ ತೊಳೆಯಬೇಕು.

ನಂದಕುಮಾರ ಅಂಕಲ್ ಆ ಹಾಳೆಯನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಓದಿದರು. ಆಮೇಲೆ ತಿರುಗಿ ಎಲ್ಲರನ್ನೂ ನೋಡಿ ಮೆಲ್ಲಗೆ ನಕ್ಕರು.

"ಕನ್ನಡ ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲ ಕಣ್ರೋ."

ರಮೋನ್‌ಗೆ ವಿಷಯ ಗೊತ್ತಾದಾಗ ಅವರೂ ಹಾಳೆಯನ್ನು ಹತ್ತಿರ ಹೋಗಿ ಓದಿದರು. ನಿಯಮ ಅಂದರೆ ನಿಯಮ. ಅವರ ಮೀಸೆ ಎರಡೂ ಕಡೆ ಜೋತುಬಿತ್ತು.

"ಸದ್ಯ, ಟೆನ್ಷನ್ ಇಲ್ಲ," ಎಂದ ಅಪ್ಪ.

ಟಿಂಗ್.

"ಅರೆ, ಕನ್ನಡದಲ್ಲೇ ಮಾತಾಡಿದ್ನಲ್ಲ."

"ಟೆನ್ಷನ್ ಇಂಗ್ಲಿಷು," ಎಂದಳು ಅಮ್ಮ.

"ಓ, ಸಾರಿ."

ಟಿಂಗ್.

"ಪ್ಲೀಸ್, ಬೆಲ್ ಸ್ಟಾಪ್ ಮಾಡೋಕೆ ಹೇಳಿ ಯಾರಾದ್ರೂ."

ಟಿಂಗ್, ಟಿಂಗ್, ಟಿಂಗ್.

ಹೋದ ವರ್ಷ ಕನ್ನಡ ರಾಜ್ಯೋತ್ಸವದಲ್ಲಿ ಅಪ್ಪ ಮೈಕ್ ಹಿಡಿದು 'ಕನ್ನಡವೇ ನನ್ನ ಉಸಿರು' ಎಂದು ಭಾಷಣ ಮಾಡಿದ್ದ. ಜನ ಚಪ್ಪಾಳೆ ಹೊಡೆದಿದ್ದರು. ಮಾಲಗಾದಲ್ಲಿ ಆ ಉಸಿರು ನಾಲ್ಕು ಪದಕ್ಕೇ ಕಟ್ಟಿಕೊಳ್ಳುತ್ತಿತ್ತು. ಐದನೇ ಪದಕ್ಕೆ ಗಂಟೆ. ಮೊದಲ ದಿನ ಅಪ್ಪ ಮನೆಯ ಪಾತ್ರೆಯೆಲ್ಲ ತೊಳೆದು, ಪಾತ್ರೆ ಸಾಲದೆ, ಪಕ್ಕದ ಮನೆಯಿಂದ ನಾಲ್ಕು ತಂದು ತೊಳೆದ. ಆ ಬೀದಿಯಲ್ಲಿ ಅಂಥ ಹೊಳೆಯುವ ಬಾಣಲೆಗಳನ್ನು ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ.

ರಮೋನ್ ಛಲ ಬಿಡಲಿಲ್ಲ. ಒಂದು ಈರುಳ್ಳಿ ಎತ್ತಿ ಹಿಡಿದು ನಿಧಾನವಾಗಿ, "ಸೆಬೋಯಾ," ಎಂದರು.

"ಈರುಳ್ಳಿ ಮೇಷ್ಟ್ರೇ," ಎಂದರು ಪಾವನಾ ಆಂಟಿ, ಅವರಿಗೆ ಗೊತ್ತಿಲ್ಲವೇನೋ ಎಂಬ ಹಾಗೆ.

"ಸೆಬೋಯಾ."

"ಈ-ರು-ಳ್ಳಿ. ಹೇಳಿ ನೋಡೋಣ."

ಒಂದು ಕಡೆ ಆರು ಜನ, ಇನ್ನೊಂದು ಕಡೆ ರಮೋನ್ ಒಬ್ಬರೇ. ಎರಡನೇ ದಿನ ಅವರು 'ಈರುಯ್ಯಿ' ಎಂದರು. ಮೂರನೇ ದಿನ ಅಮ್ಮ ಬಾಗಿಲಲ್ಲಿ ನಿಂತು "ಬೇಗ ಬನ್ರೋ, ಅನ್ನ ಆರಿಹೋಗತ್ತೆ" ಎಂದು ಕೂಗುವ ಮೊದಲೇ ರಮೋನ್ ಕೂಗಿದರು, "ಬೇಗ ಬನ್ರೋ." ನಾಲ್ಕನೇ ದಿನ ತಟ್ಟೆ ಮುಂದೆ ಹಿಡಿದು, "ಸಾರು ಸ್ವಲ್ಪ ಹಾಕಿ," ಎಂದರು. ಮುಳುಗಿಸುವ ಕೋರ್ಸು ಚೆನ್ನಾಗಿಯೇ ನಡೆಯಿತು. ಮುಳುಗಿದವರು ಮಾತ್ರ ಬೇರೆ.

ದೊಡ್ಡವರು ಗಂಟೆಗೆ ಹೆದರಿ ಪದ ಹುಡುಕತೊಡಗಿದ್ದರು. 'ಟೈಮಿಗೆ ಏನಂತಾರೆ?' ಎಂದು ಕೇಳಿದರೂ ಟಿಂಗ್. ಅಮ್ಮನಿಗೆ ನೆನಪಾಗಿ, "ಹೊತ್ತು. ಹೊತ್ತಾಯ್ತು ಅಂತೀವಲ್ಲ," ಎಂದಳು. ಸ್ಪೂನಿಗೆ ಚಮಚ. ಕಿಚನ್ನಿಗೆ ಅಡುಗೆಮನೆ. ಇರಾ ಹನ್ನೆರಡು ವರ್ಷದಲ್ಲಿ ಕೇಳದಷ್ಟು ಕನ್ನಡವನ್ನು ಐದು ದಿನದಲ್ಲಿ ಕೇಳಿದಳು. ಅವಳಿಗೂ ಸ್ವೀಡಿಷ್ ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಅವಳ ಬಾಯಿಂದ ನಾಲ್ಕನೇ ಕನ್ನಡ ಪದ ಹೊರಬಂತು. ಆಮೇಲೆ ಐದನೆಯದು, ಆಮೇಲೆ ಸಾಲು ಸಾಲು.

ಸ್ಪ್ಯಾನಿಷ್? ಮೊದಲ ಬೆಳಗ್ಗೆ ಇರಾ ಹೊಸ ನೋಟ್‌ಬುಕ್ ಹಿಡಿದು ರಮೋನ್ ಎದುರು ಕೂತಿದ್ದಳು. ಏಳು ಪದ ಬರೆದಳು. ಅಷ್ಟರಲ್ಲಿ ಕಿಟಕಿಯಿಂದ ಆಯುಷ್ ಕೂಗಿದ.

"ಇರಾ ಅಕ್ಕಾ, ಸಮುದ್ರ ಬೆಚ್ಚಗಿದೆ. ಚೆಂಡು ತಂದಿದ್ದೀನಿ."

ರಮೋನ್ ನೋಟ್‌ಬುಕ್ಕನ್ನು ಬೆರಳಿನಿಂದ ತಟ್ಟಿದರು. ಇರಾ ಆಗಷ್ಟೇ ಕಲಿತ ಪದವನ್ನೇ ಎತ್ತಿಕೊಂಡಳು, "ಮನ್ಯಾನಾ." ಅಂದರೆ ನಾಳೆ. ಮರುದಿನ ರಮೋನ್ ಮತ್ತೆ ನೋಟ್‌ಬುಕ್ ತಟ್ಟಿದರು. ಇರಾ ಮತ್ತೆ ಹೇಳಿದಳು, "ಮನ್ಯಾನಾ." ಐದೂ ದಿನ ಅದೊಂದು ಪದವನ್ನು ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಅಂದರೆ, ಬೀದಿಯ ಅಜ್ಜಿಯರು ಅವಳನ್ನು ಅಲ್ಲಿಯವಳೇ ಅಂದುಕೊಂಡರು.

ಕೊನೆಯ ದಿನ ಆರು ಜನಕ್ಕೂ ಸರ್ಟಿಫಿಕೇಟ್ ಸಿಕ್ಕಿತು. ರಮೋನ್ ಬಾಗಿಲವರೆಗೆ ಬಂದು ಕಣ್ಣೊರೆಸಿಕೊಂಡು, "ಹೋಗಿ ಬನ್ನಿ," ಎಂದರು.

ವಿಮಾನದಲ್ಲಿ ಇರಾ ಬೆರಳು ಮಡಚಿ ಎಣಿಸಿದಳು. ಶಾಲೆಯಲ್ಲಿ ಕಲಿತದ್ದೂ ಸೇರಿ ಹನ್ನೊಂದು ಪದ. ಇನ್ನೊಂದು ಸಲ ಎಣಿಸಿದರೂ ಹನ್ನೊಂದೇ.

ಸುಂಡ್‌ಬೀಬರ್ಯ್‌ಗೆ ಬಂದ ಮೇಲೆ ನಿಜವಾದ ನಲವತ್ತನಾಲ್ಕನೇ ವಾರ ಬಂತು. ಇನ್ನೂ ಒಂಬತ್ತು ದಿನ ಇದೆ ಎಂದು ಇರಾ ಫುಟ್‌ಬಾಲಿಗೆ ಹೋದಳು. ಇನ್ನೂ ಐದು ದಿನ ಇದೆ ಎಂದು ಮತ್ತೆ ಹೋದಳು. ಸೋಮವಾರ ಸಂಜೆ ಮಾತ್ರ ಚೆಂಡನ್ನು ಮಂಚದ ಕೆಳಗೆ ತಳ್ಳಿ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪ, ಬುಧವಾರ."

"ಗೊತ್ತು ಬಂಗಾರಿ. ಎಲ್ಲ ರೆಡಿ ಇದೆ." ಅಪ್ಪ ಫೋನಿನಲ್ಲಿ ಒಂದು ಭಾಷಣ ಬರೆಸಿ ಇಟ್ಟಿದ್ದ. ಇಂಗ್ಲಿಷಿನಲ್ಲಿ ಕೇಳಿದರೆ ಸ್ಪ್ಯಾನಿಷಿನಲ್ಲಿ ಬರೆದುಕೊಡುವ ಆ್ಯಪು. "ಬೈಹಾರ್ಟ್ ಮಾಡು. ಮೂರೇ ನಿಮಿಷ."

ಇರಾ ನೋಡಿದಳು. ಒಂದೊಂದು ಪದವೂ ಟ್ರೈನಿನಷ್ಟು ಉದ್ದ.

"ಇದರ ಅರ್ಥ?" ಎಂದು ಕೇಳಿದಳು, ಕನ್ನಡದಲ್ಲಿ.

"ಅರ್ಥ ಯಾಕೆ? ನಾನು ಪಿಯುಸಿಲಿ ಕೆಮಿಸ್ಟ್ರಿ ಪೂರ್ತಿ ಅರ್ಥ ಇಲ್ದೇ ಪಾಸ್ ಮಾಡಿದ್ದು."

"ಅದು ನಿಮ್ಮನ್ನ ನೋಡಿದ್ರೇ ಗೊತ್ತಾಗತ್ತೆ ರೀ," ಎಂದಳು ಅಮ್ಮ.

ಇರಾ ಹಲ್ಲುಜ್ಜುವಾಗ ಬಾಯಿಪಾಠ ಮಾಡಿದಳು. ಬಸ್ಸಿನಲ್ಲಿ ಮಾಡಿದಳು. ಒಂದು ಕಡೆ ನಿಂತರೆ ಮುಂದಿನದು ಮರೆಯುತ್ತಿತ್ತು, ಹಾಗಾಗಿ ನಿಲ್ಲದೆ ಹೇಳುವುದನ್ನು ಕಲಿತಳು.

ಬುಧವಾರ ಅಪ್ಪ ಬಿಳಿ ಷರ್ಟು ಇಸ್ತ್ರಿ ಮಾಡಿಸಿಕೊಂಡು ಬಂದ. ಶಾಲೆಯೊಳಗೆ ಶೂ ಹಾಕುವ ಹಾಗಿಲ್ಲ. ಬಾಗಿಲಲ್ಲಿ ಬಿಚ್ಚಿದಾಗ ಒಂದು ಕಾಲುಚೀಲ ನೀಲಿ, ಒಂದು ಕಪ್ಪು ಎಂದು ಗೊತ್ತಾಯಿತು. ಹಿಂದಿನ ಸಾಲಿನ ಚಿಕ್ಕ ಕುರ್ಚಿಯಲ್ಲಿ ಅಪ್ಪ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತ.

ಇರಾ ಕ್ಲಾಸಿನ ಮುಂದೆ ನಿಂತಳು. ಇಪ್ಪತ್ತಮೂರು ಜನ ಅವಳನ್ನೇ ನೋಡುತ್ತಿದ್ದರು. ಮಾಲಿನ್ ಎರಡೂ ಕೈ ಎದೆಗೆ ಒತ್ತಿಕೊಂಡು ನಗುತ್ತಿದ್ದರು. ಆ ನಗುವನ್ನು ನೋಡಬಾರದು ಎಂದು ಇರಾ ಗೋಡೆಯ ಗಡಿಯಾರ ನೋಡುತ್ತಾ ಶುರು ಮಾಡಿದಳು.

ಭಾಷಣ ಒಡೆದ ನಲ್ಲಿಯಿಂದ ನೀರು ಬಂದ ಹಾಗೆ ಬಂತು. ಎಲ್ಲೂ ನಿಲ್ಲಲಿಲ್ಲ. ಕಾಮಾ ಬಂದರೂ ನಿಲ್ಲಲಿಲ್ಲ. ಮಾಲಿನ್ ಹುಬ್ಬು ಮೆಲ್ಲಗೆ ಮೇಲೇರಿತು. ಅದರಲ್ಲಿ ಎರಡು ಮೂರು ಪದ ಅವರಿಗೂ ಹೊಸದು. ಎಡ್ವಿನ್ ಎಂಬ ಹುಡುಗ ಬಾಯಿ ತೆರೆದುಕೊಂಡು ಕೂತಿದ್ದ. ಹಿಂದಿನ ಸಾಲಿನಲ್ಲಿ ಅಪ್ಪ ತುಟಿ ಅಲ್ಲಾಡಿಸುತ್ತಾ ಜೊತೆಗೇ ಹೇಳಿಕೊಳ್ಳುತ್ತಿದ್ದ.

ಮುಗಿಯಿತು. ಚಪ್ಪಾಳೆ ಬಿತ್ತು. ಇರಾ ಜಾಗಕ್ಕೆ ಹೋಗಲು ಕಾಲು ಎತ್ತಿದಳು.

"ಇರು ಇರು," ಎಂದರು ಮಾಲಿನ್. "ನಿನಗೊಂದು ಸರ್‌ಪ್ರೈಸ್ ಇದೆ. ನಿನ್ನ ಕೋರ್ಸಿನವರಿಗೆ ನಾನು ಮೇಲ್ ಬರೆದಿದ್ದೆ."

ಬೋರ್ಡಿನ ಮೇಲಿನ ದೊಡ್ಡ ಪರದೆ ಬೆಳಗಿತು. ಮೊದಲು ಮೀಸೆ ಕಾಣಿಸಿತು. ಆಮೇಲೆ ಏಪ್ರನ್. ಆಮೇಲೆ ಆ ಅಡುಗೆಮನೆ. ಹಿಂದೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ರಮೋನ್ ಕ್ಯಾಮೆರಾಗೆ ಇಷ್ಟು ಹತ್ತಿರ ಬಂದು ಜೋರಾಗಿ ಕೇಳಿದರು.

"ಇರಾ ಪುಟ್ಟಿ, ಊಟ ಆಯ್ತಾ?"

ಕ್ಲಾಸು ಮಾಲಿನ್ ಕಡೆ ನೋಡಿತು. ಅರ್ಥ ಹೇಳಬೇಕಾದವರು ಅವರೇ. ಮಾಲಿನ್ ಪರದೆಯನ್ನು ನೋಡಿದರು, ಇರಾಳನ್ನು ನೋಡಿದರು.

"ಇದು ನಾನು ಕೇಳಿರದ ಸ್ಪ್ಯಾನಿಷ್," ಎಂದರು. "ಅಲ್ಲಿ ದಕ್ಷಿಣದ ಕಡೆ ಮಾತು ಬೇರೆ ಥರ ಇರುತ್ತೆ, ನಿಜ. ಆದರೂ..."

ಅಪ್ಪ ಚಿಕ್ಕ ಕುರ್ಚಿಯಿಂದ ಅರ್ಧ ಎದ್ದ. ಕುರ್ಚಿಯೂ ಅವನ ಜೊತೆಗೇ ಎದ್ದಿತು.

"ಯೆಸ್, ಯೆಸ್. ಸದರ್ನ್ ಡಯಲೆಕ್ಟ್. ವೆರಿ, ವೆರಿ ಸೌತ್."

ಟಿಂಗ್.

ರಮೋನ್ ಕೈಯಲ್ಲಿ ಗಂಟೆ ಇತ್ತು. ಇಂಗ್ಲಿಷ್ ಕೇಳಿದರೆ ಅವರ ಕೈ ತಾನಾಗಿಯೇ ಅಲ್ಲಾಡುತ್ತಿತ್ತು.

"ಸಾರಿ," ಎಂದ ಅಪ್ಪ.

ಟಿಂಗ್.

"ನೋ, ಐ ಮೀನ್, ಲೋಕಲ್ ಸ್ಪ್ಯಾನಿಷ್."

ಟಿಂಗ್, ಟಿಂಗ್, ಟಿಂಗ್. ರಮೋನ್ ಮಾಲಗಾದಿಂದ ತೋರುಬೆರಳು ಎತ್ತಿ ಗದರಿದರು, "ಅಶ್ವತ್ಥ, ಪಾತ್ರೆ ತೊಳಿ."

ಇಪ್ಪತ್ತಮೂರು ಮಕ್ಕಳಿಗೆ ಮಾತು ಅರ್ಥವಾಗಲಿಲ್ಲ. ಆದರೆ ಯಾರೋ ಬೈಸಿಕೊಂಡರು ಎಂದು ಅರ್ಥವಾಗಲು ಭಾಷೆ ಬೇಕಿಲ್ಲವಲ್ಲ. ಕ್ಲಾಸು ಗೊಳ್ಳೆಂದಿತು. ಎಡ್ವಿನ್, "ಇರಾಳ ಅಪ್ಪ ಮಾತಾಡಿದಾಗೆಲ್ಲ ಗಂಟೆ ಹೊಡೀತಿದೆ," ಎಂದು ಟೇಬಲ್ಲಿನ ಮೇಲೆ ಮಲಗಿ ನಕ್ಕ.

ಮಾಲಿನ್ ಒಬ್ಬರೇ ನಗಲಿಲ್ಲ.

"ಇರಾ?" ಎಂದರು. ಅಷ್ಟೇ.

ಇರಾ ಅಪ್ಪನ ಕಡೆ ನೋಡಿದಳು. ಅಪ್ಪ ತನ್ನ ನೀಲಿ ಕಾಲುಚೀಲ, ಕಪ್ಪು ಕಾಲುಚೀಲ ಎರಡನ್ನೂ ಸರದಿಯ ಮೇಲೆ ನೋಡುತ್ತಿದ್ದ. ಹೂಂ ಅಂದುಬಿಟ್ಟರೆ ಮುಗಿಯಿತು. ದಕ್ಷಿಣದ ಸ್ಪ್ಯಾನಿಷ್ ಅಂದರೆ ಕ್ಲಾಸು ನಂಬುತ್ತದೆ. ಮಾಲಿನ್ ಕೂಡ ನಂಬಬಹುದು. ಇರಾ ಸುಳ್ಳು ಹೇಳುವವಳಲ್ಲ ಎಂದು ಅವರು ರೆಕ್ಟರಿಗೇ ಹೇಳಿ ಆಗಿದೆ.

ಇರಾ ಅಪ್ಪನ ಕಡೆಯಿಂದ ತಿರುಗಿ ಮಾಲಿನ್ ಮುಖವನ್ನೇ ನೋಡಿದಳು.

"ಇದು ಕನ್ನಡ," ಎಂದಳು. "ನಮ್ಮ ಮನೆ ಭಾಷೆ. ರಮೋನ್ ನಮಗೆ ಕಲಿಸೋಕೆ ಬಂದರು, ನಾವು ಆರು ಜನ ಸೇರಿ ಅವರಿಗೇ ಕಲಿಸಿಬಿಟ್ಟೆವು. ಅವರು ದಿನಾ ಕರೀತಿದ್ದರು. ನಾನು ಸಮುದ್ರಕ್ಕೆ ಹೋಗ್ತಿದ್ದೆ. ಈಗ ಹೇಳಿದ ಭಾಷಣ ಫೋನು ಬರೆದಿದ್ದು. ನನಗೆ ಅದರಲ್ಲಿ ಒಂದು ಸಾಲೂ ಅರ್ಥ ಆಗಲ್ಲ."

ನಗು ಎಲ್ಲೋ ಹೋಯಿತು. ಒಲೆಯ ಮೇಲೆ ಕುದಿಯುವ ಸದ್ದು ಮಾಲಗಾದಿಂದ ಕೇಳಿಸುತ್ತಿತ್ತು.

"ಹಾಗಾದರೆ ನಿನಗೆ ಬರುವುದು ಎಷ್ಟು?" ಎಂದರು ಮಾಲಿನ್.

"ಹನ್ನೊಂದು ಪದ. ಅದರಲ್ಲಿ ನಾಲ್ಕು ನೀವೇ ಇಲ್ಲಿ ಕಲಿಸಿದ್ದು."

"ಹೇಳು."

ಇರಾ ಬೆರಳು ಮಡಚುತ್ತಾ ಹೇಳಿದಳು. ನೀರು, ಬ್ರೆಡ್ಡು, ಸೂರ್ಯ, ಸಮುದ್ರ, ಅಕ್ಕಿ, ಈರುಳ್ಳಿ, ನಮಸ್ಕಾರ, ಥ್ಯಾಂಕ್ಸ್, ಹೌದು, ಇಲ್ಲ. ಒಂದೊಂದನ್ನೂ ನಿಲ್ಲಿಸಿ, ಸ್ಪ್ಯಾನಿಷಿನಲ್ಲಿ. ಹತ್ತಕ್ಕೆ ಬೆರಳು ಮುಗಿದವು, ಮೊದಲನೆಯದನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಮನ್ಯಾನಾ."

ಪರದೆಯಲ್ಲಿ ರಮೋನ್ ಗಂಟೆಯನ್ನು ಮೇಜಿನ ಮೇಲಿಟ್ಟು ತಲೆಯಾಡಿಸಿದರು. ಆ ಪದವನ್ನು ಅವರು ಸಾಕಷ್ಟು ಸಲ ಕೇಳಿದ್ದರು.

"ಆ ಕೊನೆಯ ಪದವನ್ನು ಇನ್ನು ಸ್ವಲ್ಪ ದಿನ ಬಳಸಬೇಡ," ಎಂದರು ಮಾಲಿನ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಮೂರು ನಿಮಿಷ ಇನ್ನೂ ಬಾಕಿ ಇದೆ, ಇರಾ. ಹೊಸ ವರ್ಷದೊಳಗೆ. ಈ ಸಲ ಫೋನ್ ಅಲ್ಲ, ನೀನು."

ಆಮೇಲೆ ಅಪ್ಪನ ಕಡೆ ತಿರುಗಿ ನಿಧಾನವಾದ ಸ್ವೀಡಿಷಿನಲ್ಲಿ, "ರಜೆಯ ಅರ್ಜಿಯ ಬಗ್ಗೆ ನಾನು ರೆಕ್ಟರಿಗೆ ಹೇಳಲೇಬೇಕಾಗುತ್ತೆ," ಎಂದರು. ಫೀಕಾ ನಡೆಯಿತು. ಅಪ್ಪ ಬನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಮನೆಗೆ ನಡೆಯುವಾಗ ಇನ್ನೂ ಮೂರೂವರೆ, ಆಗಲೇ ಬೀದಿದೀಪ ಹತ್ತಿದ್ದವು. 

"ಒಂದು ಕೇಳ್ಲಾ?" ಎಂದ ಅಪ್ಪ. "ರಾಂಗ್ ವೀಕ್ ಟಿಕೆಟ್ ವಿಷಯ ನೀನು ಹೇಳ್ಲೇ ಇಲ್ಲ. ಯಾಕೆ?"

ಇರಾ ಯೋಚಿಸಿದಳು. ಆ ಮಾತು ಅವಳಿಗೆ ಕನ್ನಡದಲ್ಲೇ ಸಿಕ್ಕಿತು.

"ಅದು ನಿಂದು ಅಪ್ಪ. ನಾನು ನಂದು ಹೇಳಿದೆ."

ಅಪ್ಪ ಬನ್ನನ್ನು ಜೇಬಿಗೆ ಹಾಕಿಕೊಂಡ.

ಮನೆಯಲ್ಲಿ ಅಮ್ಮ ಎಲ್ಲ ಕೇಳಿ ಕುರ್ಚಿ ಎಳೆದುಕೊಂಡು ಕೂತಳು. ಆಯುಷ್‌ನಿಂದ ಸುದ್ದಿ ತಿಳಿದು ನಂದಕುಮಾರ ಅಂಕಲ್ ಫೋನ್ ಮಾಡಿದರು. ಅವರ ಹತ್ತಿರ ಆಗಲೇ ಹೊಸ ಉಪಾಯ ಇತ್ತು.

"ಗುರೂ, ಆ ಮಾಲಗಾ ಟೀಚರ್ ಸರಿ ಇರಲಿಲ್ಲ ಅಂತ ಕಂಪ್ಲೇಂಟ್ ಬರಿ. ಸ್ಪ್ಯಾನಿಷ್ ಕಲಿಸೋ ಬದಲು ಕನ್ನಡ ಮಾತಾಡ್ತಿದ್ರು ಅಂತ. ಪ್ರೂಫ್ ಇದೆ, ಇಡೀ ಕ್ಲಾಸ್ ನೋಡಿದೆ."

ಅಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ನೋಡಿದ. "ಬೇಡ ನಂದಕುಮಾರ. ಆ ಮನುಷ್ಯ ಪಾಪ, ನಾನು ಮಾಡಿದ ಸಾರು ಕೂಡ ಹೊಗಳಿದವರು," ಎಂದು ಫೋನ್ ಇಟ್ಟ.

ಆಮೇಲೆ ಉಪ್ಪಿನಕಾಯಿ ಬಾಟಲಿಗೆ ಫೋನ್ ಒರಗಿಸಿ ಶಾಲೆಯ ಆ್ಯಪ್ ತೆಗೆದ. ಅನುವಾದ ಮಾಡುವ ಆ್ಯಪನ್ನು ಈ ಸಲ ತೆರೆಯಲಿಲ್ಲ. ಇರಾಳನ್ನೂ ಕೇಳಲಿಲ್ಲ. ಒಂದೇ ಬೆರಳಲ್ಲಿ, ತನಗೆ ಬರುವಷ್ಟೇ ಸ್ವೀಡಿಷಿನಲ್ಲಿ ಕುಟ್ಟತೊಡಗಿದ. ಮೂರು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹಣೆಯಲ್ಲಿ ಬೆವರು ಬಂತು.

"ಓದು," ಎಂದು ಫೋನನ್ನು ಇರಾಳ ಕಡೆ ತಿರುಗಿಸಿದ.

ನಾನು ತಪ್ಪು ವಾರಕ್ಕೆ ಟಿಕೆಟ್ ತೆಗೆದೆ. ಕೋರ್ಸ್ ಆಮೇಲೆ ಹುಡುಕಿದ್ದು. ಇರಾ ಏನೂ ಬರೆದಿಲ್ಲ, ಎಲ್ಲ ನಾನು ಬರೆದೆ.

ಮೂರು ಸಾಲಿನಲ್ಲಿ ಆರು ತಪ್ಪಿತ್ತು. ಇರಾಳ ಬೆರಳು ಮೊದಲನೇ ತಪ್ಪಿನ ಹತ್ತಿರ ಹೋಯಿತು. ಹೋಗಿ ಅಲ್ಲೇ ನಿಂತಿತು. ಈ ಕಾಗದ ಅಪ್ಪನೇ ಬರೆದದ್ದು ಎಂದು ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. "ಸರಿ ಇದೆ."

ಅಪ್ಪ ಕಳಿಸಿದ. ಉಸಿರು ಬಿಟ್ಟು ಕುರ್ಚಿಗೆ ಒರಗಿದ.

"ಅಬ್ಬಾ, ಏನು ಟೆನ್ಷನ್ ಮಾರಾಯ್ತಿ."

ಇರಾ ಚಮಚ ತೆಗೆದುಕೊಂಡು ಸ್ಟೀಲ್ ಲೋಟಕ್ಕೆ ಮೆಲ್ಲಗೆ ಬಡಿದಳು.

ಟಿಂಗ್.

ಅಪ್ಪ ಅವಳನ್ನೂ ಲೋಟವನ್ನೂ ನೋಡಿದ. ಎದ್ದು, ಬಿಳಿ ಷರ್ಟಿನ ತೋಳು ಮಡಚಿ ಸಿಂಕಿನ ಕಡೆ ನಡೆದ. ಇರಾ ಒಣಬಟ್ಟೆ ಹುಡುಕಿ ತಂದು ಪಕ್ಕದಲ್ಲಿ ನಿಂತಳು. ಅವಳ ಇನ್ನೊಂದು ಕೈಯಲ್ಲಿ ಮಾಲಗಾದ ನೋಟ್‌ಬುಕ್ ಇತ್ತು. ಅದನ್ನು ನಲ್ಲಿಯ ಹಿಂದೆ, ನೀರು ಸಿಡಿಯದ ಕಡೆ ನಿಲ್ಲಿಸಿ, ಅಪ್ಪ ಕೊಟ್ಟ ಮೊದಲ ತಟ್ಟೆಯನ್ನು ಒರೆಸುತ್ತಾ, ಅದರಲ್ಲಿ ಎಂಟನೇ ಪದ ಬರೆಯಲು ತಟ್ಟೆಗೆ ಸ್ಪ್ಯಾನಿಷಿನಲ್ಲಿ ಏನನ್ನುತ್ತಾರೆ ಎಂದು ಯೋಚಿಸತೊಡಗಿದಳು.